ಆಟೋಕ್ರಾಸ್, ಟ್ರ್ಯಾಕ್ ತರಬೇತಿ, ಕಂಪನಿಯ ಶಾಲೆ: ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಎಲ್ಲಿಗೆ ಹೋಗಬೇಕು?

ಸ್ಪೋರ್ಟ್ಸ್ ಕಾರೊಂದರ ನಿಜವಾದ ಸಾಮರ್ಥ್ಯವನ್ನು ಸಾರ್ವಜನಿಕ ರಸ್ತೆಯಲ್ಲಿ ತಿಳಿದುಕೊಳ್ಳಲು ಸಾಧ್ಯವಿಲ್ಲ, ತಿಳಿದುಕೊಳ್ಳಲು ಹೊರಡಲೂ ಬಾರದು. ಒಳ್ಳೆಯ ಟಯರ್ ಹಾಕಿದ ಮಜ್ದಾ ಮಿಯಾಟಾ ಅಥವಾ ಪೋರ್ಷೆ ಕೇಮನ್ ತಿರುವಿನಲ್ಲಿ ತನ್ನ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಅಡ್ಡಬಲವನ್ನು ತಡೆದುಕೊಂಡು ನಿಲ್ಲಬಲ್ಲದು. ದಿನನಿತ್ಯದ ಓಡಾಟದಲ್ಲಿ ನಾವು ಬಳಸುವುದು ಅದರ ಮೂರರಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಉಳಿದ ಪಾಲು ಹೇಗಿರುತ್ತದೆ, ಅದು ಮುಗಿಯುವ ಹೊತ್ತಿಗೆ ಸ್ಟೀರಿಂಗಿನಲ್ಲೂ ಸೀಟಿನಲ್ಲೂ ಏನು ಗೊತ್ತಾಗುತ್ತದೆ ಎಂಬ ಪಾಠ ಮಳೆ ಬಿದ್ದ ಹೆದ್ದಾರಿಯಲ್ಲಿ, ಅಡ್ಡ ಬಂದ ಜಿಂಕೆಯ ಎದುರಿನಲ್ಲಿ ಮೊದಲ ಬಾರಿ ಆಗಬಾರದು. ಅದನ್ನು ಕಾನೂನಿನ ಒಳಗೇ, ತಿಳಿದವರ ಕಣ್ಣೆದುರಿನಲ್ಲಿ ಕಲಿಯುವ ವ್ಯವಸ್ಥೆಯೊಂದು ಅಮೆರಿಕದಲ್ಲಿ ದಶಕಗಳಿಂದ ಬೆಳೆದು ಬಂದಿದೆ. ಇಲ್ಲಿ ಕೆಲಸ ಮಾಡುತ್ತ, ಬಹುದಿನದ ಆಸೆಯ ಕಾರನ್ನು ಕೊನೆಗೂ ಕೊಂಡ ಕನ್ನಡಿಗ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಉತ್ತರವಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು. ವಿಶಾಲವಾದ ಪಾರ್ಕಿಂಗ್ ಜಾಗದಲ್ಲೋ ಬಳಕೆ ತಪ್ಪಿದ ವಿಮಾನ ನಿಲ್ದಾಣದಲ್ಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ರಚಿಸಿದ ಹಾದಿಯಲ್ಲಿ ಒಬ್ಬೊಬ್ಬರಾಗಿ ಓಡಿಸುವ, ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಸಮಯ ಅಳೆಯುವ ಆಟೋಕ್ರಾಸ್ ಒಂದು. ನಿಜವಾದ ರೇಸ್ ಟ್ರ್ಯಾಕಿನಲ್ಲಿ, ಪಕ್ಕದ ಸೀಟಿನಲ್ಲಿ ಬೋಧಕರನ್ನು ಕೂರಿಸಿಕೊಂಡು, ಸಮಯ ಅಳೆಯದೆ ಕಲಿಯುವ ಕ್ಲಬ್ ತರಬೇತಿ ಎರಡನೆಯದು. ಇದನ್ನು ಎಚ್‌ಪಿಡಿಇ (ಹೈ ಪರ್ಫಾರ್ಮೆನ್ಸ್ ಡ್ರೈವರ್ ಎಜುಕೇಷನ್) ಎಂದೋ ಬರಿದೇ ಡಿಇ ಎಂದೋ ಕರೆಯುತ್ತಾರೆ. ಬೋಧಕರಿಲ್ಲದೆ ಟ್ರ್ಯಾಕಿಗೆ ಇಳಿಯುವ ಮುಕ್ತ ಸಂಜೆಗಳು ಮೂರನೆಯವು, ಕಾರು ತಯಾರಿಸುವ ಕಂಪನಿಗಳ ಚಾಲನಾ ಶಾಲೆಗಳು ನಾಲ್ಕನೆಯವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಜನರು ಮೊದಲ ಋತುವನ್ನು ಆಟೋಕ್ರಾಸಿಗೆ ಕೊಡಬೇಕು, ಆಮೇಲೆ ಬೋಧಕರಿರುವ ಕ್ಲಬ್ ತರಬೇತಿಗೆ ಹೋಗಬೇಕು, ಈ ಎರಡೂ ಆಗುವವರೆಗೆ ಕಾರಿಗೆ ಬ್ರೇಕು ಮತ್ತು ಟಯರಿನ ಹೊರತು ಬೇರೆ ಯಾವುದಕ್ಕೂ ದುಡ್ಡು ಸುರಿಯಬಾರದು.

ಆಟೋಕ್ರಾಸ್

1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ಆಟೋಕ್ರಾಸನ್ನು ಸೋಲೋ ಎಂಬ ಹೆಸರಿನಲ್ಲಿ ನಡೆಸುತ್ತದೆ. ಅದರ ರಾಷ್ಟ್ರೀಯ ಸ್ಪರ್ಧೆ 1973ರಲ್ಲಿ ಆರಂಭವಾಗಿ, 2009ರಿಂದ ಈಚೆಗೆ ನೆಬ್ರಾಸ್ಕಾದ ಲಿಂಕನ್ ನಗರದ ಹಳೆಯ ವಾಯುನೆಲೆಯ ಕಾಂಕ್ರೀಟಿನ ಮೇಲೆ ಸೇರುತ್ತದೆ. ಆದರೆ ಹೊಸಬರಿಗೆ ಬೇಕಾದದ್ದು ಊರಿನ ಹತ್ತಿರದ ಶಾಖೆಯ ಭಾನುವಾರದ ಕೂಟ. ಪೋರ್ಷೆ ಕ್ಲಬ್ ಆಫ್ ಅಮೆರಿಕದ ಹಲವು ಶಾಖೆಗಳೂ ಬಿಎಂಡಬ್ಲ್ಯೂ ಕ್ಲಬ್ಬಿನವರೂ ತಮ್ಮದೇ ಆಟೋಕ್ರಾಸ್ ನಡೆಸುತ್ತಾರೆ. ಶುಲ್ಕ ಸಾಮಾನ್ಯವಾಗಿ 50ರಿಂದ 100 ಡಾಲರಿನ ಒಳಗೆ ಮುಗಿಯುತ್ತದೆ, ಹೆಲ್ಮೆಟ್ಟನ್ನು ಬಹುತೇಕ ಕಡೆ ಕ್ಲಬ್ಬೇ ಎರವಲು ಕೊಡುತ್ತದೆ. ತಪಾಸಣೆಯಲ್ಲಿ ನೋಡುವುದು ಬ್ಯಾಟರಿ ಬಿಗಿಯಾಗಿದೆಯೇ, ಚಕ್ರದ ಬೇರಿಂಗ್ ಸಡಿಲವಾಗಿದೆಯೇ, ಎಣ್ಣೆ ಸೋರುತ್ತಿದೆಯೇ, ಕಾರಿನೊಳಗೆ ಉರುಳಾಡುವ ವಸ್ತುಗಳನ್ನೆಲ್ಲ ತೆಗೆದಿದ್ದೀರಾ ಎಂಬಿಷ್ಟನ್ನೇ. ನೀರಿನ ಬಾಟಲಿಯಿಂದ ಹಿಡಿದು ಕಾಲಡಿಯ ಸಡಿಲವಾದ ಮ್ಯಾಟಿನವರೆಗೆ ಎಲ್ಲವೂ ಹೊರಗೆ ಬರಬೇಕು, ಏಕೆಂದರೆ ಬ್ರೇಕಿನ ಪೆಡಲಿನ ಕೆಳಗೆ ಬಾಟಲಿಯೊಂದು ಸಿಕ್ಕಿಕೊಂಡರೆ ಮುಂದಿನದು ಚಾಲಕನ ಕೈಯಲ್ಲಿರುವುದಿಲ್ಲ.

ಬೆಳಗ್ಗೆ ಎಲ್ಲರೂ ಹಾದಿಯನ್ನು ನಡೆದು ನೋಡುತ್ತಾರೆ. ಹೊಸಬರು ಇದನ್ನು ವಾಯುವಿಹಾರದಂತೆ ಮಾತಾಡುತ್ತ ಮುಗಿಸುವುದುಂಟು. ಹಳಬರು ಎರಡು ಮೂರು ಸಲ ನಡೆದು, ಒಂದು ಸಲವಾದರೂ ಒಬ್ಬರೇ ಮೌನವಾಗಿ ನಡೆದು, ಎಲ್ಲಿ ಬ್ರೇಕು, ಎಲ್ಲಿಂದ ಆ್ಯಕ್ಸಿಲರೇಟರ್, ಯಾವ ಕೋನನ್ನು ಸವರಿಕೊಂಡು ಹೋಗಬೇಕು ಎಂಬುದನ್ನು ಕಂಠಪಾಠ ಮಾಡಿಕೊಂಡಿರುತ್ತಾರೆ. ಒಂದು ಓಟಕ್ಕೆ ಸುಮಾರು 40ರಿಂದ 70 ಸೆಕೆಂಡು ಹಿಡಿಯುತ್ತದೆ. ಹೆಚ್ಚಿನ ಕಾರುಗಳು ಎರಡನೆಯ ಗೇರಿನಲ್ಲೇ ಇಡೀ ಹಾದಿಯನ್ನು ಮುಗಿಸುತ್ತವೆ, ವೇಗ ಗಂಟೆಗೆ 60 ಮೈಲಿಯ ಆಸುಪಾಸನ್ನು ದಾಟುವುದು ಅಪರೂಪ. ಕೋನ್ ಬೀಳಿಸಿದರೆ ಒಂದಕ್ಕೆ 2 ಸೆಕೆಂಡಿನಂತೆ ಸಮಯಕ್ಕೆ ಸೇರುತ್ತದೆ, ಹಾದಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ. ಅರ್ಧ ದಿನ ಓಡಿಸಿದವರು ಉಳಿದರ್ಧ ದಿನ ಹಾದಿಯ ಬದಿಯಲ್ಲಿ ನಿಂತು ಬಿದ್ದ ಕೋನ್‌ಗಳನ್ನು ಎತ್ತಿಡಬೇಕು. ಇದನ್ನು ಕೂಲಿಯೆಂದು ಭಾವಿಸಿ ಬೇಸರಪಡುವವರಿದ್ದಾರೆ. ನನ್ನ ಮಟ್ಟಿಗೆ ಆಟೋಕ್ರಾಸಿನ ಅತ್ಯುತ್ತಮ ತರಗತಿ ನಡೆಯುವುದು ಅಲ್ಲೇ.

ಪ್ರತಿ ಕೋನಿನ ಬುಡದ ಸುತ್ತ ಬಿಳಿಯ ಚೌಕವೊಂದನ್ನು ಬರೆದಿರುತ್ತಾರೆ. ಕಾರು ತಗುಲಿ ಕೋನ್ ಜರುಗಿದರೂ, ನೆಟ್ಟಗೆ ನಿಂತು ಬುಡದ ಒಂದು ಅಂಚು ಆ ಗೆರೆಯನ್ನು ಮುಟ್ಟಿಕೊಂಡಿದ್ದರೆ ದಂಡವಿಲ್ಲ. ಪೂರ್ತಿ ಹೊರಗೆ ಸರಿದರೆ ಅಥವಾ ಉರುಳಿದರೆ ರೇಡಿಯೋದಲ್ಲಿ ಆ ಕಾರಿನ ನಂಬರು ಹೇಳಬೇಕು. ಆ ಗೆರೆಯನ್ನು ನೋಡುತ್ತ ಹತ್ತಾರು ಕಾರುಗಳು ಒಂದೇ ತಿರುವಿನಲ್ಲಿ ಹಾದುಹೋಗುವುದನ್ನು ಗಮನಿಸಿದರೆ, ಓಡಿಸುವವನಿಗೆ ತಿಳಿಯದ್ದು ನಿಂತವನಿಗೆ ಕಾಣುತ್ತದೆ. ಹೊಸಬರ ಕಾರಿನ ಬ್ರೇಕ್ ದೀಪ ತಿರುವಿನ ಒಳಗೆ ಬಂದ ಮೇಲೆ ಹೊತ್ತಿಕೊಳ್ಳುತ್ತದೆ. ಮುಂದಿನ ಚಕ್ರಗಳು ವಿಪರೀತ ತಿರುಗಿ ಕಿರುಚುತ್ತವೆ, ಕಾರು ಮಾತ್ರ ನೇರಕ್ಕೆ ಜಾರುತ್ತದೆ. ಚಾಲಕನ ಕಣ್ಣು ಎದುರಿನ ಕೋನಿನ ಮೇಲೆಯೇ ನೆಟ್ಟಿರುತ್ತದೆ, ಆದ್ದರಿಂದ ಕಾರೂ ಅದರ ಮೇಲೆಯೇ ಹೋಗುತ್ತದೆ. ಅನುಭವಿ ಚಾಲಕಿಯ ಕಾರು ಅದೇ ಜಾಗದಲ್ಲಿ ನಿಧಾನವಾಗಿ ಹೋದಂತೆ ತೋರುತ್ತದೆ. ಆಕೆಯ ಮುಖ ಆಗಲೇ ಮುಂದಿನ ಮೂರನೆಯ ಕೋನಿನ ಕಡೆಗೆ ಹೊರಳಿರುತ್ತದೆ, ಗಡಿಯಾರ ಮಾತ್ರ ಆಕೆ ನಾಲ್ಕು ಸೆಕೆಂಡು ಮುಂದಿದ್ದಾಳೆ ಎನ್ನುತ್ತದೆ.

ಆಟೋಕ್ರಾಸಿನ ದೊಡ್ಡ ಗುಣವೆಂದರೆ ತಪ್ಪು ಮಾಡಿದರೆ ತೆರಬೇಕಾದ ಬೆಲೆ ಬಹಳ ಕಡಿಮೆ. ಗಂಟೆಗೆ 35 ಮೈಲಿ ವೇಗದಲ್ಲಿ ಕಾರು ಗಿರಕಿ ಹೊಡೆದರೆ ಒಂದೆರಡು ಕೋನ್ ಬೀಳುತ್ತವೆ, ಎದೆ ಒಂದಿಷ್ಟು ಹೊಡೆದುಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ಕಾರನ್ನು ಅದರ ಮಿತಿಯವರೆಗೆ, ಮಿತಿಯ ಆಚೆಗೂ ಒಯ್ದು ನೋಡುವ ಧೈರ್ಯವನ್ನು ಇಲ್ಲಿ ಮಾತ್ರ ನಿಶ್ಚಿಂತೆಯಿಂದ ಮಾಡಬಹುದು. ದೋಷವೂ ಅಷ್ಟೇ ಸ್ಪಷ್ಟವಾಗಿದೆ: ದಿನಕ್ಕೆ ನಾಲ್ಕರಿಂದ ಆರು ಓಟ ಸಿಕ್ಕಿದರೆ, ಇಡೀ ಭಾನುವಾರದಲ್ಲಿ ಸ್ಟೀರಿಂಗ್ ಹಿಡಿದು ಓಡಿಸಿದ ಕಾಲ ಐದು ನಿಮಿಷದ ಸುತ್ತಮುತ್ತ. ಪ್ರತಿ ಕೂಟಕ್ಕೂ ಹಾದಿ ಬೇರೆ, ಆದ್ದರಿಂದ ಒಂದೇ ತಿರುವನ್ನು ನೂರು ಸಲ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಈ ಕೊರತೆಯನ್ನು ನೀಗಿಸಲು ಎಸ್‌ಸಿಸಿಎಯ ಸ್ಟಾರ್ಟಿಂಗ್ ಲೈನ್, ಊರೂರಿಗೆ ಬಂದು ನಡೆಸುವ ಎವಲ್ಯೂಷನ್ ಪರ್ಫಾರ್ಮೆನ್ಸ್ ಡ್ರೈವಿಂಗ್ ಸ್ಕೂಲಿನಂಥ ಶಿಬಿರಗಳಿವೆ. ಇಂಥ ಒಂದು ದಿನ ಮಾಮೂಲಿ ಕೂಟಗಳ ಹಲವು ದಿನಗಳಿಗೆ ಸಮ; ಋತುವಿನ ಮೊದಲಲ್ಲೇ ಇದಕ್ಕೆ ಸೇರಿಕೊಳ್ಳಿ ಎಂಬುದು ನನ್ನ ಒತ್ತಾಯ.

ಕಾರಿನ ವರ್ಗದ ಬಗ್ಗೆ ಆರಂಭದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಸ್‌ಸಿಸಿಎಯ ಸ್ಟ್ರೀಟ್ ವರ್ಗಗಳಲ್ಲಿ ಟ್ರೆಡ್‌ವೇರ್ ಸಂಖ್ಯೆ (ಟಯರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂದು ಅದರ ಬದಿಯಲ್ಲಿ ಬರೆದಿರುವ ಅಂಕ) ಕನಿಷ್ಠ 200 ಇರುವ ರಸ್ತೆಯ ಟಯರ್ ಹಾಕಿ, ಷೋರೂಮಿನಿಂದ ಬಂದ ಕಾರನ್ನು ಹಾಗೆಯೇ ಓಡಿಸಬಹುದು. ಎತ್ತರದ ಎಸ್‌ಯುವಿಗಳನ್ನು ಮಾತ್ರ ಉರುಳುವ ಭಯದಿಂದ ಸೇರಿಸಿಕೊಳ್ಳುವುದಿಲ್ಲ.

ಕ್ಲಬ್ಬಿನ ಟ್ರ್ಯಾಕ್ ತರಬೇತಿ

1955ರಲ್ಲಿ ಆರಂಭವಾದ ಪೋರ್ಷೆ ಕ್ಲಬ್, 1969ರ ಬಿಎಂಡಬ್ಲ್ಯೂ ಕಾರ್ ಕ್ಲಬ್, 1991ರಲ್ಲಿ ಹುಟ್ಟಿದ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ ಈ ಕ್ಷೇತ್ರದ ಹಿರಿಯ ಸಂಸ್ಥೆಗಳು. ಕಾರು ಬೇರೆ ಕಂಪನಿಯದಾದರೂ ಹಲವು ಶಾಖೆಗಳು ಸೇರಿಸಿಕೊಳ್ಳುತ್ತವೆ. ಚಾಲಕರನ್ನು ಅನುಭವದ ಮೇಲೆ ಗುಂಪು ಮಾಡಿ, ಒಂದೊಂದು ಗುಂಪಿಗೆ ದಿನಕ್ಕೆ ಸುಮಾರು ನಾಲ್ಕು ಅವಧಿ, ಒಂದೊಂದೂ 20ರಿಂದ 25 ನಿಮಿಷ ಕೊಡುತ್ತಾರೆ. ಎರಡು ದಿನದಲ್ಲಿ ಸುಮಾರು ಮೂರು ಗಂಟೆ ಓಡಿಸಿದಂತಾಗುತ್ತದೆ. ಆಟೋಕ್ರಾಸಿನ ಐದು ನಿಮಿಷಕ್ಕೆ ಹೋಲಿಸಿದರೆ ಇದು ಸಮೃದ್ಧಿ. ಶುಲ್ಕವೂ ಅದಕ್ಕೆ ತಕ್ಕಂತೆ ವಾರಾಂತ್ಯಕ್ಕೆ ಹಲವು ನೂರು ಡಾಲರ್.

ಬೋಧಕರು ಬಹುಪಾಲು ಸ್ವಯಂಸೇವಕರು. ಮೋಟರ್‌ಸ್ಪೋರ್ಟ್ ಸೇಫ್ಟಿ ಫೌಂಡೇಷನ್ನಿನ ಪ್ರಮಾಣಪತ್ರ ಪಡೆದವರು ಈಗ ಹಲವು ಕ್ಲಬ್ಬುಗಳಲ್ಲಿದ್ದಾರೆ; ಸೇರುವ ಮುನ್ನ ಇದನ್ನು ವಿಚಾರಿಸುವುದು ಒಳ್ಳೆಯದು. ಎರಡೂ ಹೆಲ್ಮೆಟ್ಟಿಗೆ ಇಂಟರ್‌ಕಾಂ ಜೋಡಿಸಿ ಅವರು ಶಾಂತವಾದ ದನಿಯಲ್ಲಿ ಹೇಳುವ ಮೊದಲ ಮಾತು ಸಾಮಾನ್ಯವಾಗಿ ವೇಗದ ಬಗ್ಗೆ ಇರುವುದಿಲ್ಲ, ಕೈಬೆರಳುಗಳ ಬಗ್ಗೆ ಇರುತ್ತದೆ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ ಮುಷ್ಟಿಗೆ ಟಯರು ಹೇಳುವುದೇನೂ ತಲುಪುವುದಿಲ್ಲ. ಆಮೇಲೆ ಬರುವುದು ಕಣ್ಣು, ಹಾದಿಯ ಗೆರೆ (ತಿರುವಿನಲ್ಲಿ ಕಾರು ಹಿಡಿಯಬೇಕಾದ ಜಾಡು), ಬ್ರೇಕಿನ ಜಾಗ, ಟ್ರ್ಯಾಕಿನ ಬದಿಯಿಂದ ಸೂಚನೆ ಕೊಡುವ ಬಾವುಟಗಳು. ಮುಂದಿನ ಕಾರನ್ನು ದಾಟುವ ಕ್ರಮವೂ ಶಿಸ್ತಿನದು: ಮುಂದಿರುವ ಚಾಲಕ ಗೊತ್ತುಪಡಿಸಿದ ನೇರ ಹಾದಿಯಲ್ಲಿ ಕಿಟಕಿಯಿಂದ ಕೈ ಚಾಚಿ, ಯಾವ ಬದಿಯಿಂದ ಬರಬೇಕೆಂದು ತೋರಿಸಿದ ಮೇಲಷ್ಟೇ ಹಿಂದಿನವರು ದಾಟಬೇಕು. ಹಿಂದೆ ಮೂರು ಕಾರುಗಳಿದ್ದರೆ ಮೂರು ಸಲ ಕೈ ತೋರಿಸಬೇಕು. ಗಂಟೆಗೆ ನೂರು ಮೈಲಿಯಲ್ಲಿ ಕನ್ನಡಿ ನೋಡಿ, ಕೈ ಚಾಚಿ, ಕಾಲನ್ನು ಕೊಂಚ ಸಡಿಲಿಸಿ ಇನ್ನೊಬ್ಬರಿಗೆ ದಾರಿ ಕೊಡುವ ಈ ಅಭ್ಯಾಸ ಹೆದ್ದಾರಿಯ ನಡವಳಿಕೆಯನ್ನೂ ತಿದ್ದುತ್ತದೆ ಎಂದು ನಾನು ನಂಬಿದ್ದೇನೆ.

ಯಾವ ಟ್ರ್ಯಾಕ್ ಎಂಬುದೂ ಮುಖ್ಯ. ಉತ್ತರ ಕ್ಯಾಲಿಫೋರ್ನಿಯಾದವರಿಗೆ ಮೂರು ಹೆಸರು ಚಿರಪರಿಚಿತ. 1957ರ ಲಗೂನಾ ಸೆಕಾದ ಸುತ್ತು 2.238 ಮೈಲಿ, 11 ತಿರುವು; ಎಂಟನೆಯ ತಿರುವಿನಲ್ಲಿ, ಎದುರಿಗೆ ಆಕಾಶವಲ್ಲದೆ ಬೇರೇನೂ ಕಾಣದ ದಿಬ್ಬದ ಮೇಲಿಂದ ರಸ್ತೆ ಒಮ್ಮೆಗೇ 59 ಅಡಿ ಕೆಳಕ್ಕೆ ಬೀಳುತ್ತದೆ. ಅಲ್ಲಿ ಸದ್ದಿಗೆ ಕಟ್ಟುನಿಟ್ಟಾದ ಡೆಸಿಬೆಲ್ ಮಿತಿಯೂ ಇದೆ. ಎಕ್ಸಾಸ್ಟ್ ಬದಲಿಸಿದ ಕಾರುಗಳು ಮಧ್ಯಾಹ್ನದೊಳಗೆ ಮನೆಗೆ ಮರಳುವುದುಂಟು. 1968ರ ಸೊನೋಮಾ ಟ್ರ್ಯಾಕಿನಲ್ಲಿ ಏರಿಳಿತ ಹೆಚ್ಚು, ಹಲವೆಡೆ ಗೋಡೆ ಹತ್ತಿರ. ವಿಲೋಸ್ ಪಟ್ಟಣದ ಬಳಿ 1993ರಲ್ಲಿ ಆರಂಭವಾದ ಥಂಡರ್‌ಹಿಲ್ ಬಯಲಿನ ನಡುವೆ ಇರುವುದರಿಂದ ಟ್ರ್ಯಾಕ್ ಬಿಟ್ಟು ಹೊರಗೆ ಹೋದ ಕಾರು ಹೆಚ್ಚಾಗಿ ಹುಲ್ಲು ಮಣ್ಣಿನಲ್ಲಿ ನಿಲ್ಲುತ್ತದೆ. ಹೆಸರಿನ ಮೋಹಕ್ಕೆ ಬಿದ್ದು ಲಗೂನಾ ಸೆಕಾವನ್ನೇ ಮೊದಲು ಆರಿಸಿಕೊಳ್ಳುವವರಿಗೆ ನಾನು ಹೇಳುವುದು, ಮೊದಲು ಥಂಡರ್‌ಹಿಲ್‌ಗೆ ಹೋಗಿ. ಬೇರೆ ರಾಜ್ಯದಲ್ಲಿರುವವರೂ ಗೋಡೆ ದೂರವಿರುವ ಟ್ರ್ಯಾಕ್ ಯಾವುದೆಂದು ಕೇಳಿ ಆರಿಸಿಕೊಳ್ಳಬೇಕು.

ಆಟೋಕ್ರಾಸೇ ಮೊದಲು ಏಕೆ

ತಿರುವಿನ ನಡುವೆ ಹಿಂದಿನ ಚಕ್ರಗಳು ಜಾರತೊಡಗಿದಾಗ ಅನುಭವವಿಲ್ಲದ ಮನುಷ್ಯನ ಕಾಲು ತಾನಾಗಿ ಆ್ಯಕ್ಸಿಲರೇಟರಿನಿಂದ ಮೇಲೇಳುತ್ತದೆ. ಆ ಕ್ಷಣ ಕಾರಿನ ಭಾರ ಮುಂದಕ್ಕೆ ವಾಲಿ, ಹಿಂಬದಿ ಹಗುರಾಗಿ, ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ. ಸಣ್ಣ ಜಾರುವಿಕೆ ಪೂರ್ತಿ ಗಿರಕಿಯಾಗುತ್ತದೆ. ಎಂಜಿನ್ ಹಿಂದಿರುವ ಪೋರ್ಷೆ 911ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಈ ಪ್ರತಿಕ್ರಿಯೆಯನ್ನು ತರಗತಿಯಲ್ಲಿ ವಿವರಿಸಿ ಬದಲಿಸಲಾಗುವುದಿಲ್ಲ. ಜಾರಿ, ತಿದ್ದಿ, ಮತ್ತೆ ಜಾರಿ, ಕಾಲಿಗೂ ಕೈಗೂ ಅಭ್ಯಾಸವಾಗಬೇಕು. ಟ್ರ್ಯಾಕಿನಲ್ಲಿ ಬೋಧಕರು ನಿಮ್ಮನ್ನು ಮಿತಿಗಿಂತ ಸಾಕಷ್ಟು ಕೆಳಗೇ ಇರಿಸುತ್ತಾರೆ, ಇರಿಸಲೇಬೇಕು; ಆದ್ದರಿಂದ ಹಲವು ದಿನ ಟ್ರ್ಯಾಕ್ ಓಡಿಸಿದವರಿಗೂ ಕಾರು ಜಾರುವುದರ ಪರಿಚಯ ಆಗಿರದೆ ಇರಬಹುದು. ಆ ಪರಿಚಯ ಮೊದಲ ಬಾರಿ 90 ಮೈಲಿ ವೇಗದಲ್ಲಿ ಆಗುವುದಕ್ಕಿಂತ ಖಾಲಿ ಪಾರ್ಕಿಂಗ್ ಜಾಗದಲ್ಲಿ 35 ಮೈಲಿಯಲ್ಲಿ ಆಗುವುದು ಎಷ್ಟೋ ಮೇಲು.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮರೆಮಾಚಬಾರದು. ಬಹುಕಾಲ ಆಟೋಕ್ರಾಸ್ ಒಂದನ್ನೇ ಆಡಿದವರು ಟ್ರ್ಯಾಕಿಗೆ ಬಂದಾಗ ಸ್ಟೀರಿಂಗನ್ನು ಎಳೆದಾಡುತ್ತಾರೆ, ಬ್ರೇಕನ್ನು ಒದ್ದಂತೆ ಒತ್ತುತ್ತಾರೆ, ಮೊದಲ ಸುತ್ತಿನಿಂದಲೇ ಕಾರಿನ ಕೊನೆಯ ಅಂಚಿಗೆ ಹೋಗಲು ನೋಡುತ್ತಾರೆ. ಅರವತ್ತು ಸೆಕೆಂಡಿನ ಓಟದಲ್ಲಿ ಸಲ್ಲುವ ಈ ರಭಸ ಇಪ್ಪತ್ತು ನಿಮಿಷದ ಅವಧಿಯಲ್ಲಿ ಟಯರನ್ನು ಸುಟ್ಟು, ಚಾಲಕನನ್ನೂ ದಣಿಸಿಬಿಡುತ್ತದೆ. ಹಾಗಾಗಿ ಆಟೋಕ್ರಾಸನ್ನು ಒಂದು ಋತು ಎಂದೆ; ಐದು ವರ್ಷ ಎಂದಿಲ್ಲ.

ಬ್ರೇಕು, ವಿಮೆ ಮತ್ತು ಒಟ್ಟು ಖರ್ಚು

ಆಟೋಕ್ರಾಸ್ ಮತ್ತು ಟ್ರ್ಯಾಕ್ ತರಬೇತಿಯ ಖರ್ಚಿನ ನಡುವಿನ ಅಂತರ ಪ್ರವೇಶ ಶುಲ್ಕದಲ್ಲಷ್ಟೇ ಇಲ್ಲ, ಬ್ರೇಕಿನಲ್ಲೂ ಇದೆ. ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 1,400 ಕಿಲೋ ತೂಕದ ಕಾರು ಗಂಟೆಗೆ 60 ಮೈಲಿಯಿಂದ ನಿಲ್ಲುವಾಗ ಸುಮಾರು 500 ಕಿಲೋಜೂಲ್ ಶಾಖ ಹುಟ್ಟಿದರೆ, 120 ಮೈಲಿಯಿಂದ ನಿಲ್ಲುವಾಗ ಅದರ ನಾಲ್ಕು ಪಟ್ಟು, 2,000 ಕಿಲೋಜೂಲ್. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹಲವು ಸಲ ಬ್ರೇಕ್ ಒತ್ತಬೇಕು, ಆರಲು ಬಿಡುವಿಲ್ಲ. ಚಾರ್ಮಾಡಿ ಘಾಟಿಯನ್ನು ಮೇಲಿನ ಗೇರಿನಲ್ಲೇ ಇಳಿಸಿಕೊಂಡು ಬಂದ ಕಾರಿನ ಚಕ್ರದಿಂದ ಬರುವ ಸುಟ್ಟ ವಾಸನೆ ನಮ್ಮವರಿಗೆ ಗೊತ್ತಿರುವುದೇ. ಇಲ್ಲಿ ನಡೆಯುವುದೂ ಅದೇ, ಇನ್ನೂ ಕೆಲವೇ ನಿಮಿಷಗಳಲ್ಲಿ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅಮೆರಿಕದ ಮಾನದಂಡ. ತೇವ ಸೇರಿದ ಸ್ಥಿತಿಗೆ ನಿಗದಿಯಾದ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲು ನೆಲಕ್ಕೆ ಇಳಿಯುತ್ತದೆ. ಆದ್ದರಿಂದಲೇ ತಪಾಸಣೆಯ ನಮೂನೆಯಲ್ಲಿ ದ್ರವವನ್ನು ಇತ್ತೀಚಿನ ಕೆಲವು ತಿಂಗಳೊಳಗೆ ಬದಲಿಸಿರಬೇಕು, ಬ್ರೇಕ್ ಪ್ಯಾಡು ಕನಿಷ್ಠ ಅರ್ಧದಷ್ಟಾದರೂ ಉಳಿದಿರಬೇಕು ಎಂದು ಕೇಳುತ್ತಾರೆ. ಅವಧಿ ಮುಗಿದಾಗ ಕೊನೆಯ ಸುತ್ತನ್ನು ಬ್ರೇಕು ಒತ್ತದೆ ನಿಧಾನವಾಗಿ ಓಡಿಸಿ ಆರಿಸಿ; ಪ್ಯಾಡಕ್‌ನಲ್ಲಿ (ಕಾರುಗಳು ತಂಗುವ ಅಂಗಳದಲ್ಲಿ) ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಹೆಲ್ಮೆಟ್ಟಿನಲ್ಲೂ ವ್ಯತ್ಯಾಸವಿದೆ. ಆಟೋಕ್ರಾಸಿಗೆ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಂ ಗುರುತಿನ ಬೈಕ್ ಹೆಲ್ಮೆಟ್ ನಡೆಯುತ್ತದೆ. ಟ್ರ್ಯಾಕಿಗೆ ಹೆಚ್ಚಿನ ಕ್ಲಬ್ಬುಗಳು ಕಾರಿಗೆಂದೇ ಪರೀಕ್ಷಿಸಿದ ಎಸ್‌ಎ ಗುರುತನ್ನು ಕೇಳುತ್ತವೆ. ಮುಂದೆ ಟ್ರ್ಯಾಕಿಗೆ ಹೋಗುವ ಮನಸ್ಸಿದ್ದರೆ ಎಸ್‌ಎ ಹೆಲ್ಮೆಟ್ಟನ್ನೇ ಕೊಳ್ಳಿ.

ವಿಮೆಯ ವಿಷಯದಲ್ಲಿ ಎಚ್ಚರ ತಪ್ಪಬಾರದು. ರೇಸಿಗೆಂದು ಕಟ್ಟಿದ ಟ್ರ್ಯಾಕಿನಲ್ಲಿ ಆಗುವ ಹಾನಿಯನ್ನು, ಅದು ತರಬೇತಿಯೇ ಆಗಿದ್ದರೂ, ತಾವು ಭರಿಸುವುದಿಲ್ಲವೆಂದು ಬಹಳಷ್ಟು ವಿಮಾ ಪತ್ರಗಳಲ್ಲಿ ಬರೆದಿರುತ್ತದೆ. ನಿಮ್ಮ ಪತ್ರವನ್ನು ನೀವೇ ಓದಿ. ಹ್ಯಾಗರ್ಟಿ, ಲಾಕ್‌ಟನ್‌ನಂಥ ಕಂಪನಿಗಳು ಒಂದೊಂದು ಕೂಟಕ್ಕೆ ಪ್ರತ್ಯೇಕ ವಿಮೆ ಮಾರುತ್ತವೆ. ಕಾರಿನ ಬೆಲೆ ಹೆಚ್ಚಿದಂತೆ ಕಂತೂ ಹೆಚ್ಚುತ್ತದೆ. ಸಾಲದ ಕಾರನ್ನು ಈ ವಿಮೆಯಿಲ್ಲದೆ ಟ್ರ್ಯಾಕಿಗೆ ಒಯ್ಯಬೇಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ. ತಡೆಗೋಡೆಗೆ ಆದ ಹಾನಿಯ ಬಿಲ್ಲನ್ನೂ ಕೆಲವು ಟ್ರ್ಯಾಕುಗಳು ಚಾಲಕರಿಗೇ ಕಳಿಸುತ್ತವೆ.

ಉಳಿದೆರಡು ದಾರಿಗಳು

ಎಸ್‌ಸಿಸಿಎ 2015ರಲ್ಲಿ ಆರಂಭಿಸಿದ ಟ್ರ್ಯಾಕ್ ನೈಟ್ ಇನ್ ಅಮೆರಿಕದಲ್ಲಿ ವಾರದ ದಿನದ ಸಂಜೆ, ಕೆಲಸ ಮುಗಿಸಿ ಬಂದವರು ಮೂರು ಗುಂಪಾಗಿ, 20 ನಿಮಿಷದ ಮೂರು ಅವಧಿ ಓಡಿಸಬಹುದು. ಹೊಸಬರಿಗೆ ಮಾರ್ಗದರ್ಶಕರು ಇರುತ್ತಾರೆ, ಆದರೆ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ. ಅಗ್ಗ, ಸರಳ, ಸ್ನೇಹಮಯ. ಕಲಿತದ್ದನ್ನು ಅಭ್ಯಾಸ ಮಾಡಲು ಬಹಳ ಒಳ್ಳೆಯದು. ಕಲಿಕೆಯ ಮೊದಲ ಹೆಜ್ಜೆಯಾಗಿ ಮಾತ್ರ ನಾನು ಸೂಚಿಸುವುದಿಲ್ಲ, ಏಕೆಂದರೆ ಮೊದಲ ದಿನ ಬೇರೂರಿದ ತಪ್ಪು ಗೆರೆಯನ್ನು ಕಂಡು ತಿದ್ದುವವರು ಕಾರಿನೊಳಗೆ ಯಾರೂ ಇರುವುದಿಲ್ಲ.

ಕಂಪನಿಯ ಶಾಲೆಗಳಲ್ಲಿ ಕಾರು ಅವರದು, ಟಯರು ಅವರದು, ಬೋಧಕರು ವೃತ್ತಿಪರರು, ನೀರು ಹರಿಸಿದ ನೆಲದಲ್ಲಿ ಜಾರುವ ಅಭ್ಯಾಸವೂ ಸಿಗುತ್ತದೆ. ಅಲಬಾಮಾದ ಬಾರ್ಬರ್ ಮೋಟರ್‌ಸ್ಪೋರ್ಟ್ಸ್ ಪಾರ್ಕಿನಲ್ಲಿ ಪೋರ್ಷೆಯವರದು, ದಕ್ಷಿಣ ಕೆರೊಲಿನಾದಲ್ಲೂ ಕ್ಯಾಲಿಫೋರ್ನಿಯಾದ ಥರ್ಮಲ್‌ನಲ್ಲೂ ಬಿಎಂಡಬ್ಲ್ಯೂನವರದು ಹೆಸರುವಾಸಿ. ಎರಡು ದಿನಕ್ಕೆ ಸಾವಿರಾರು ಡಾಲರ್ ಆಗುತ್ತದೆ. ಹೊಸ ಷೆವರ್ಲೆ ಕಾರ್ವೆಟ್ ಕೊಂಡವರಿಗೆ ನೆವಾಡಾದ ಪಹ್ರಂಪ್ ಬಳಿಯ ಸ್ಪ್ರಿಂಗ್ ಮೌಂಟನ್ ಶಾಲೆಯಲ್ಲಿ ದೊಡ್ಡ ರಿಯಾಯಿತಿ ಸಿಗುತ್ತದೆ. ಅಂಥವರು ನನ್ನ ಕ್ರಮವನ್ನು ಬದಿಗಿಟ್ಟು ಮೊದಲು ಅಲ್ಲಿಗೇ ಹೋಗುವುದು ಜಾಣತನ. ಐದುನೂರು ಕುದುರೆಶಕ್ತಿಗೂ ಮಿಕ್ಕ ಕಾರನ್ನು ಮೊದಲ ಸ್ಪೋರ್ಟ್ಸ್ ಕಾರಾಗಿ ಕೊಂಡವರಿಗೂ ಇದೇ ಮಾತು ಸಲ್ಲುತ್ತದೆ. ಉಳಿದವರಿಗೆ ಅದೇ ಹಣದಲ್ಲಿ ಆಟೋಕ್ರಾಸಿನ ಒಂದು ಋತುವೂ ಕ್ಲಬ್ ತರಬೇತಿಯ ಒಂದೆರಡು ವಾರಾಂತ್ಯವೂ ಆಗುತ್ತದೆ, ಅದೂ ದಿನವೂ ಓಡಿಸುವ ತಮ್ಮದೇ ಕಾರಿನಲ್ಲಿ.

ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್ ಇರುವವರು ನಮ್ಮಲ್ಲಿ ಬಹಳ ಮಂದಿ. ಅದು ಆಟೋಕ್ರಾಸಿಗೆ ಹೇಳಿ ಮಾಡಿಸಿದಂತಿದೆ, ಆದರೆ 1,800 ಕಿಲೋಗೂ ಮಿಕ್ಕ ತೂಕವನ್ನು ಟ್ರ್ಯಾಕಿನಲ್ಲಿ ನಿಲ್ಲಿಸಲು ಮೂಲದ ಪ್ಯಾಡುಗಳು ಸಾಲುವುದಿಲ್ಲ. ತೆರೆದ ಮಾಡಿನ ಕಾರಿನವರು ರೋಲ್ ಬಾರ್ (ಕಾರು ಉರುಳಿದರೆ ತಲೆ ಕಾಯುವ ಉಕ್ಕಿನ ಕಮಾನು) ನಿಯಮವನ್ನು ಮೊದಲೇ ವಿಚಾರಿಸಬೇಕು. ಟ್ರ್ಯಾಕಿನ ಕ್ಲಬ್ಬುಗಳು ಕೂತಾಗ ತಲೆ ಬಾರಿನ ಮಟ್ಟಕ್ಕಿಂತ ಕೆಳಗಿದೆಯೇ ಎಂದು ಕೋಲು ಅಡ್ಡ ಹಿಡಿದು ನೋಡುತ್ತವೆ. ಮನೆಯಲ್ಲಿ 15ರಿಂದ 21ರ ವಯಸ್ಸಿನ ಮಕ್ಕಳಿದ್ದರೆ ಬಿಎಂಡಬ್ಲ್ಯೂ ಕ್ಲಬ್ಬಿನ ಪ್ರತಿಷ್ಠಾನ ನಡೆಸುವ ಸ್ಟ್ರೀಟ್ ಸರ್ವೈವಲ್ ಶಿಬಿರಕ್ಕೆ ಅವರನ್ನು ನಿಮಗಿಂತ ಮೊದಲು ಕಳಿಸಿ. ಅಲ್ಲಿ ಅವರು ನಿತ್ಯ ಓಡಿಸುವ ಕಾರಿನಲ್ಲೇ ತುರ್ತು ಬ್ರೇಕು, ಒದ್ದೆ ನೆಲದಲ್ಲಿ ಜಾರಿದ ಕಾರನ್ನು ತಿದ್ದುವುದು, ಅಡ್ಡ ಬಂದದ್ದನ್ನು ತಪ್ಪಿಸುವುದು ಇವನ್ನೆಲ್ಲ ಕಲಿಸುತ್ತಾರೆ.

ಭಾರತಕ್ಕೆ ಮರಳುವ ಯೋಚನೆಯಿರುವವರು ಒಂದನ್ನು ಗಮನಿಸಬೇಕು. ಬೆಂಗಳೂರಿನಿಂದ ಒಂದು ದಿನದೊಳಗೆ ಕಾರಿನಲ್ಲಿ ತಲುಪಬಹುದಾದ ದೊಡ್ಡ ಟ್ರ್ಯಾಕುಗಳಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಸೇರಿವೆ. ಭಾರತದ ಆಟೋಕ್ರಾಸ್ ಹಲವೆಡೆ ಮಣ್ಣಿನ ನೆಲದ ಮೇಲೆ ನಡೆಯುತ್ತದೆ. ಇಲ್ಲಿ ಕಲಿತ ಜಾರುವಿಕೆಯ ಪಾಠ ಅಲ್ಲಿ ಇನ್ನೂ ಹೆಚ್ಚು ಒದಗುತ್ತದೆ.

ನೋಂದಣಿಗೆ ವಸಂತದವರೆಗೆ ಕಾಯಬೇಡಿ. ಹೊಸಬರ ಗುಂಪಿನ ಸ್ಥಾನಗಳು ಲಭ್ಯವಿರುವ ಬೋಧಕರ ಸಂಖ್ಯೆಗೆ ಸೀಮಿತವಾಗಿರುವುದರಿಂದ ಅವೇ ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಹೆಸರು ಬರೆಸುವಾಗ ಅನುಭವದ ಅಂಕಣದಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ, ಯಾವ ಗುಂಪಿಗೆ ಹಾಕಿದರೂ ಒಪ್ಪಿಕೊಳ್ಳಿ. ಮೊದಲ ಅವಧಿ ಮುಗಿದ ಮೇಲೆ ಬೋಧಕರೇ ಬೇಕೆನಿಸಿದರೆ ಮೇಲಿನ ಗುಂಪಿಗೆ ಕಳಿಸುತ್ತಾರೆ.